ಮುರಕಲ್ಲಿನ ಗುಂಡಿಗೆ ತೋಟದ ಮಣ್ಣು ತುಂಬಿಸಬೇಡಿ

ಅಣ್ಣ, ನಿಮ್ಮ ಫೋಟೋ ನೋಡಿ ಸುಮ್ನೆ ಇರಲು ಆಗಲಿಲ್ಲ. ಮಂಗಳೂರಲ್ಲಿ ಮಗಳ ಮನೆ ಎದುರಿನ ಪಾರ್ಕಿಗೆ ಕೊಡಗಿನ ಸೋಮವಾರಪೇಟೆಯಿಂದ 80 ಸಿಲ್ವರ್ ಓಕ್, ಜಕರಂಡಾ ಒಯ್ಯುತ್ತೇನೆ, ಮೂರಡಿ ಗುಂಡಿ ತೆಗೆಸಿ ಆಗಿದೆ, ಕಾಫಿ ತೋಟದ ಕಪ್ಪು ಮಣ್ಣು, ಸೆಗಣಿ ತುಂಬಿಸಿ ಬರುವ ವಾರ ನೆಡುವುದು ಅಂತ ಬರೆದಿದ್ದೀರಿ. ದಯವಿಟ್ಟು ಗುಂಡಿ ತುಂಬಿಸಬೇಡಿ. ಇದನ್ನೇ ಮಾಡಿ ನಾನು 60 ಗಿಡದಲ್ಲಿ 51 ಕಳೆದುಕೊಂಡಿದ್ದೇನೆ.

ನನ್ನನ್ನು ದಾರಿ ತಪ್ಪಿಸಿದ್ದು ಮಳೆಯ ಲೆಕ್ಕ. ನಮ್ಮ ಮಡಿಕೇರಿಯಲ್ಲೂ 120 ಇಂಚಿಗೆ ಮೇಲೆ, ಮಂಗಳೂರಲ್ಲೂ 120 ಇಂಚಿಗೆ ಮೇಲೆ, ಮತ್ತೇನು ವ್ಯತ್ಯಾಸ ಅಂದುಕೊಂಡೆ. ವ್ಯತ್ಯಾಸ ಇರುವುದು ಕಾಲ ಕೆಳಗೆ. ಮಂಗಳೂರಲ್ಲಿ ನನ್ನ ಅಕ್ಕ ಇರುವ ಬಡಾವಣೆಯ ಪಾರ್ಕ್ ಗುಡ್ಡದ ಮೇಲಿದೆ, ಮೇಲೆ ಅರ್ಧ ಅಡಿ ಮಣ್ಣು, ಕೆಳಗೆಲ್ಲ ಮುರ, ಅಂದರೆ ಗಟ್ಟಿ ಜಂಬಿಟ್ಟಿಗೆ ಕಲ್ಲು. ಜೀಪಿನಲ್ಲಿ ಗಿಡ ತುಂಬಿಸಿಕೊಂಡು ಸಂಪಾಜೆ ಘಾಟಿ ಇಳಿದು ಜೂನ್‌ನಲ್ಲಿ ನೆಟ್ಟೆವು. ಜುಲೈ ಕೊನೆಗೆ ಎಲೆ ಹಳದಿಯಾಯಿತು. ಗೊಬ್ಬರ ಸಾಲದು ಅಂತ ಇನ್ನೊಂದು ಬುಟ್ಟಿ ಹಾಕಿಸಿದೆ, ಅದು ಎರಡನೇ ತಪ್ಪು. ಆಗಸ್ಟ್‌ನಲ್ಲಿ ಒಂದು ಗಿಡ ಹಿಡಿದು ಎಳೆದರೆ ಹಾಗೇ ಕೈಗೆ ಬಂತು. ಬೇರು ಕಪ್ಪಾಗಿ ಸಿಪ್ಪೆ ಜಾರುತ್ತಿತ್ತು, ಗುಂಡಿಯಿಂದ ಕೊಳೆತ ಮೊಟ್ಟೆಯ ವಾಸನೆ. ಸುತ್ತಲಿನ ಗಟ್ಟಿ ನೆಲದ ನೀರೆಲ್ಲ ಮೆತ್ತಗಿರುವ ಗುಂಡಿಗೇ ಇಳಿಯುತ್ತದೆ, ಇಳಿದದ್ದು ಹೊರಗೆ ಹೋಗುವುದಿಲ್ಲ. ನಾವು ಕಲ್ಲಿನ ಬಾನಿಯೊಳಗೆ ಗಿಡ ಮುಳುಗಿಸಿ ಇಟ್ಟ ಹಾಗಾಯಿತು. ಉಳಿದ 9 ಗಿಡ ಮಾರ್ಚ್‌ವರೆಗೆ ಚೆನ್ನಾಗಿಯೇ ಇದ್ದವು, ಆಮೇಲೆ ಸೊರಗಿದವು. ಅಗೆದು ನೋಡಿದರೆ ಬೇರು ಗುಂಡಿಯ ಗೋಡೆ ದಾಟಿಯೇ ಇಲ್ಲ, ಒಳಗೇ ಸುತ್ತಿಕೊಂಡಿದೆ. ಒಳಗೆ ಅಷ್ಟು ಒಳ್ಳೆ ಮಣ್ಣಿರುವಾಗ ಅದು ಮುರಕ್ಕೆ ಯಾಕೆ ಹೋಗುತ್ತದೆ?

ಇನ್ನೊಂದು ಮಾತು, ಬೇಜಾರು ಮಾಡಬೇಡಿ. ತೋಟದ ಮೇಲ್ಮಣ್ಣು ಲೋಡುಗಟ್ಟಲೆ ಕೆಳಗೆ ಸಾಗಿಸುವುದೇ ತಪ್ಪು. ನಮ್ಮಲ್ಲೇ ಮಳೆಗೆ ಮಣ್ಣು ಕೊಚ್ಚಿ ಹೋಗುತ್ತಿದೆ ಅಂತ ಗಿಡಗಳ ಸಾಲಿನ ನಡುವೆ ನೀರು, ಮಣ್ಣು ತಡೆಯುವ ತೊಟ್ಟಿಲು ಗುಂಡಿ ತೆಗೆಸುತ್ತೇವೆ, ಅಲ್ವಾ?

ನನಗೆ ಫಲ ಕೊಟ್ಟದ್ದು ದಿಬ್ಬ. ಎರಡನೇ ಸಲ ಗುಂಡಿಯನ್ನೇ ತೆಗೆಯಲಿಲ್ಲ. ಐದು ಅಡಿ ಅಗಲಕ್ಕೆ ಪಿಕಾಸಿಯಲ್ಲಿ ಮುರ ಅರ್ಧ ಅಡಿ ಕೆದಕಿ, ಅದೇ ಮುರದ ಹುಡಿ ಮೂರು ಬುಟ್ಟಿಗೆ ಚೆನ್ನಾಗಿ ಕಳಿತ ಗೊಬ್ಬರ ಒಂದು ಬುಟ್ಟಿ ಸೇರಿಸಿ, ಒಂದೂವರೆ ಅಡಿ ಎತ್ತರಕ್ಕೆ ಏರಿಸಿ ನೆಟ್ಟೆವು. ಹಸಿ ಸೆಗಣಿ ಮಾತ್ರ ಬೇಡ. ಪಿಕಾಸಿ ಟಾಟಾ ಅಗ್ರಿಕೋ ತೆಗೆದುಕೊಳ್ಳಿ, ಸಂತೆಯಲ್ಲಿ ಸಿಗುವ ಹೆಸರಿಲ್ಲದ್ದು ಮುರಕ್ಕೆ ಎರಡೇ ದಿನದಲ್ಲಿ ಮೂಗು ಮಡಚುತ್ತದೆ. ನಿಮ್ಮದು ಈಗಾಗಲೇ ಗುಂಡಿಯಾಗಿರುವುದರಿಂದ ತಗ್ಗಿನ ಕಡೆಯ ಗೋಡೆ ಒಡೆದು ತಳದ ಮಟ್ಟಕ್ಕೆ ನೀರು ಹೊರಗೆ ಹೋಗುವ ಒಂದು ಕಣಿ ಬಿಡಿಸಿ, ಅಗೆದ ಮುರವನ್ನೇ ವಾಪಸ್ ತುಂಬಿಸಿ, ಅದರ ಮೇಲೆ ದಿಬ್ಬ ಮಾಡಿ.

ಆದರೆ ದಿಬ್ಬ ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ನಮಗೆ ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುತ್ತದೆ, ಗಿಡ ಉಸಿರಾಡುತ್ತದೆ. ಅಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚುಕಮ್ಮಿ ಒಣ. ಪಾರ್ಕಿನ ನಲ್ಲಿ ಇದೆಯಲ್ಲ ಅನ್ನಬೇಡಿ. ಊರಿಗೆಲ್ಲ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರಬೇಕು, 2019ರ ಬೇಸಿಗೆಯಲ್ಲಿ ಮನೆಗಳಿಗೇ ಸರದಿಯಲ್ಲಿ ನೀರು ಕೊಟ್ಟರು, ಗಿಡಕ್ಕೆ ಯಾರು ಕೊಡುತ್ತಾರೆ? ಅದಕ್ಕೆ ದಿಬ್ಬದ ಸುತ್ತ ತರಗೆಲೆ, ತೆಂಗಿನ ಸಿಪ್ಪೆ ದಪ್ಪಗೆ ಹಾಸಿ. ಕಾಂಡದಿಂದ ಅರ್ಧ ಅಡಿ ದೂರ ಇರಲಿ, ಇಲ್ಲದಿದ್ದರೆ ಗೆದ್ದಲು. ನಾರಿನ ಹುಡಿ ಹಾಕುವುದಾದರೆ ತೊಳೆದದ್ದೇ ತನ್ನಿ, ಉಪ್ಪುನೀರಲ್ಲಿ ನೆನೆಸಿದ ಸಿಪ್ಪೆಯ ಹುಡಿಯಲ್ಲಿ ಉಪ್ಪು ಜಾಸ್ತಿ. ಈ ದಿಬ್ಬದ ಮಾತು ಮುರದ ಗುಡ್ಡಕ್ಕೆ ಮಾತ್ರ. ಪಣಂಬೂರು ಕಡೆಯ ಕಡಲತೀರದ ಮರಳಲ್ಲಿ ದಿಬ್ಬ ಮಾಡಿದರೆ ಗಿಡ ಸುಟ್ಟೇ ಹೋಗುತ್ತದೆ, ಅಲ್ಲಿ ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗೇ ನೆಡಬೇಕು.

ಗಿಡದ ಆಯ್ಕೆಯೂ ಬದಲಾಯಿಸಿ. ಸಿಲ್ವರ್ ಓಕ್ ನಮ್ಮ ತೋಟದಲ್ಲಿ ಮೆಣಸು ಹಬ್ಬಿಸಲು ಸರಿ. ಗಾಳಿಗೆ ಅದರ ಕೊಂಬೆ ಮುರಿಯುವುದು ನಿಮಗೂ ಗೊತ್ತು. ಪಾರ್ಕಲ್ಲಿ ಕೆಳಗೆ ಮಕ್ಕಳು ಆಡುತ್ತಾರೆ, ವಯಸ್ಸಾದವರು ಕೂತಿರುತ್ತಾರೆ. ನನ್ನ ಜಕರಂಡಾ ಅಲ್ಲಿ ಹೂ ಬಿಡುವಷ್ಟು ದಿನ ಬದುಕಲೇ ಇಲ್ಲ. ಮುರದ ಗುಡ್ಡಕ್ಕೆ ರೆಂಜೆ (ಬಕುಳ), ಹೊಂಗೆ, ನೇರಳೆ, ಪುನರ್ಪುಳಿ ಹಾಕಿ. ಸಮುದ್ರದ ಗಾಳಿ ನೇರ ಬಡಿಯುವ ಜಾಗಕ್ಕೆ ಸುರಹೊನ್ನೆ, ಹೂವರಸಿ, ಕಾಡುಬಾದಾಮಿ, ಮುಂದಿನ ಸಾಲಿಗೆ ಗಾಳಿಮರ. ಒಂದು ಭಾನುವಾರ ತಣ್ಣೀರುಬಾವಿಯ ಟ್ರೀ ಪಾರ್ಕಿಗೆ ಹೋಗಿ ಬನ್ನಿ. ಒಂದು ಕಡೆ ಫಲ್ಗುಣಿ ನದಿ, ಇನ್ನೊಂದು ಕಡೆ ಸಮುದ್ರ, ಅಂಥ ಜಾಗದಲ್ಲಿ ಯಾವುದು ನೆಟ್ಟಗೆ ನಿಂತಿದೆ ನೋಡಿ, ಆಮೇಲೆ ಪಟ್ಟಿ ಮಾಡಿ. ಸಸಿ ಕೂಡ ಆ ಕಡೆಯ ನರ್ಸರಿಯದ್ದೇ ಇರಲಿ. ಮೂರೂವರೆ ಸಾವಿರ ಅಡಿಗೂ ಮೇಲೆ ನೆರಳುಬಲೆಯ ಕೆಳಗೆ ಬೆಳೆದದ್ದನ್ನು ಏಕಾಏಕಿ ಆ ಬಿಸಿಲಿಗೆ ಇಟ್ಟರೆ ವಾರದಲ್ಲಿ ಎಲೆ ಕಂದುತ್ತದೆ. ತರಲೇಬೇಕೆಂದಿದ್ದರೆ ಸಂಪಾಜೆಯಲ್ಲಿ ಯಾರದಾದರೂ ಅಂಗಳದಲ್ಲಿ ಒಂದು ತಿಂಗಳು ಇಟ್ಟು ಒಗ್ಗಿಸಿ.

ಆಸರೆ ಕೋಲಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಬೇಡಿ, ತೊಗಟೆ ಕೊಯ್ದು ಹಾಕುತ್ತದೆ. ತೆಂಗಿನ ಹಗ್ಗ ಸಡಿಲವಾಗಿ ಸಾಕು, ಎರಡನೇ ಮಳೆಗಾಲ ಕಳೆದ ಮೇಲೆ ಕೋಲು ಕಿತ್ತುಬಿಡಿ. ಬಡಾವಣೆಯವರು ಚಂದ ಕಾಣಲಿ ಅಂತ ಬುಡದವರೆಗೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಲು ಹೊರಟರೆ ಈಗಲೇ ಜಗಳ ಮಾಡಿ, ಸುತ್ತ ಮೂರು ಅಡಿಯಾದರೂ ಬರೀ ಮಣ್ಣು ಬಿಡಬೇಕು. ಅಕ್ಕನ ಪಾರ್ಕಲ್ಲಿ ನಾನು ಹೇಳದೆ ಉಳಿದೆ, ದಿಬ್ಬದಲ್ಲಿ ಚೆನ್ನಾಗಿ ಎದ್ದಿದ್ದ ನಾಲ್ಕು ರೆಂಜೆ ಹಾಗೆ ಹೋದವು.

ಇವತ್ತು ಸಂಜೆ ಒಂದು ಖಾಲಿ ಗುಂಡಿಗೆ ಒಂದಡಿ ನೀರು ಹುಯ್ಯಲು ಮಗಳಿಗೆ ಹೇಳಿ. ಬೆಳಿಗ್ಗೆ ಎಷ್ಟು ಉಳಿದಿದೆ ಅಂತ ಫೋಟೋ ತೆಗೆಸಿ ಇಲ್ಲಿ ಹಾಕಿ. ಅದನ್ನು ನೋಡದೆ ಗಿಡ ಗಾಡಿಗೆ ಹತ್ತಿಸಬೇಡಿ.