ಲೈಸೋಜೈಮ್ ಕೂರಿಸಿದ ನ್ಯಾನೋಟ್ಯೂಬ್: ಸಿಗ್ನಲ್ ಕಿಣ್ವದ್ದೋ, ನಾಯ್ಸೋ?

ಕಾರ್ಬನ್ ನ್ಯಾನೋಟ್ಯೂಬ್ ಟ್ರಾನ್ಸಿಸ್ಟರ್ ಮೇಲೆ ಲೈಸೋಜೈಮ್ (ಬ್ಯಾಕ್ಟೀರಿಯಾದ ಗೋಡೆ ಕತ್ತರಿಸುವ ಕಿಣ್ವ) ಕೂರಿಸಿದ್ದೀರಿ; ಅದು ಅಲುಗಿದಾಗ ಟ್ಯೂಬಿನ ಕರೆಂಟ್ ಬದಲಾಗಬೇಕು. ಆದರೆ ಸಬ್‌ಸ್ಟ್ರೇಟ್ (ಕಿಣ್ವ ಕತ್ತರಿಸುವ ವಸ್ತು) ಹಾಕುವ ಮೊದಲೇ ಕರೆಂಟ್ ಎರಡು ಮಟ್ಟಗಳ ನಡುವೆ ಜಿಗಿಯುತ್ತಿದೆ ಅಂದಿರಿ. ಹಾಗಿದ್ದರೆ ಮೊದಲು ಟ್ಯೂಬಿನ ಕೆಳಗಿನ ಆಕ್ಸೈಡ್ ಪದರದ ಮೇಲೆಯೇ ಅನುಮಾನಪಡಿ. ಅಲ್ಲಿನ ಟ್ರ್ಯಾಪ್‌ಗೆ (ಚಾರ್ಜ್ ಹಿಡಿದಿಡುವ ದೋಷಕ್ಕೆ) ಎಲೆಕ್ಟ್ರಾನ್ ಸಿಕ್ಕಿ ಬಿಡುವಾಗಲೂ ಹೀಗೇ ಕಾಣುತ್ತದೆ. ಗೇಟ್ ವೋಲ್ಟೇಜ್ (ಟ್ರಾನ್ಸಿಸ್ಟರಿನ ಕರೆಂಟ್ ನಿಯಂತ್ರಿಸುವ ವೋಲ್ಟೇಜ್) ಸ್ವಲ್ಪಸ್ವಲ್ಪವೇ ಬದಲಿಸಿ. ಎರಡು ಮಟ್ಟಗಳಲ್ಲಿ ಕಳೆಯುವ ಸಮಯದ ಅನುಪಾತ ಜೋರಾಗಿ ಏರುಪೇರಾದರೆ ಬಹುಪಾಲು ಟ್ರ್ಯಾಪೇ. ಬರೀ ಟ್ಯೂಬ್, ಪೈರೀನ್-ಮ್ಯಾಲೀಮೈಡ್ (ಕಿಣ್ವವನ್ನು ಟ್ಯೂಬಿಗೆ ಅಂಟಿಸುವ ಅಣು) ಮಾತ್ರ ಹಚ್ಚಿದ ಟ್ಯೂಬ್, ಇವೆರಡನ್ನೂ ಅದೇ ಬಫರ್‌ನಲ್ಲಿ ಅಳೆಯದೆ ಮುಂದೆ ಹೋಗಬೇಡಿ. ಆಮೇಲೆ ಸಬ್‌ಸ್ಟ್ರೇಟ್ ಆದ ಪೆಪ್ಟಿಡೋಗ್ಲೈಕನ್ ಹಾಕಿ, ತೊಳೆದು, ಮತ್ತೆ ಹಾಕಿ, ಸಿಗ್ನಲ್ ಅದರ ಜೊತೆಗೇ ಬಂದು ಹೋಗುತ್ತದೆಯೇ ನೋಡಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅರ್ವೈನ್‌ನವರ 2012ರ ಪ್ರಯೋಗದಲ್ಲಿ ಟಿ4 ವೈರಸ್ಸಿನ ಲೈಸೋಜೈಮ್ ಕತ್ತರಿಸುವಾಗ ಜಿಗಿತದ ವೇಗ ಸುಮಾರು 15 ಹರ್ಟ್ಜ್, ಸುಮ್ಮನೆ ಓಲಾಡುವಾಗ 330. ವೇಗದ ಏರಿಳಿತ ಸೋಸುವ ಲೋ-ಪಾಸ್ ಫಿಲ್ಟರನ್ನು 100 ಹರ್ಟ್ಜ್‌ಗೆ ಇಟ್ಟರೆ ಎರಡನೆಯದು ಮಾಯ! ಬಫರಿನ ಉಪ್ಪೂ ಮುಖ್ಯ: 150 ಮಿಲಿಮೋಲಾರ್‌ನಲ್ಲಿ ಡಿಬೈ ದೂರ (ಉಪ್ಪಿನ ಅಯಾನುಗಳು ಚಾರ್ಜನ್ನು ಮರೆಮಾಚಲು ಬೇಕಾಗುವ ಅಂತರ) 0.8 ನ್ಯಾನೋಮೀಟರ್, 10ರಲ್ಲಿ 3. ಅದರಾಚೆಯ ಚಾರ್ಜ್ ಅಲುಗಿದರೂ ಟ್ಯೂಬಿಗೆ ತಿಳಿಯುವುದು ಕಷ್ಟ.