ಕಾಡಂಚಿನ ಲಾಡ್ಜು: ಯಾವ ತಿಂಗಳು ಹೋದ್ರೆ ಏನು ಕಾಣುತ್ತೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಡಿನ ಪಕ್ಕ ಲಾಡ್ಜ್ ಅಥವಾ ಹೋಮ್‌ಸ್ಟೇನಲ್ಲಿ ಉಳ್ಕೊಂಡು ಪ್ರಾಣಿ ಪಕ್ಷಿ ನೋಡೋದರ ಬಗ್ಗೆನೇ ಇದ್ವು. ಅದಕ್ಕೆ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ಎಲ್ರೂ ಮಾರ್ಚ್‌ನಿಂದ ಮೇ ಮಾತ್ರ ಸೀಸನ್ ಅಂತಾರೆ. ನಮಗೆ ರಜೆ ಸಿಗೋದು ಜುಲೈಲಿ, ಇಲ್ಲಾಂದ್ರೆ ದಸರಾ ಟೈಮಲ್ಲಿ. ಆಗ ಹೋದ್ರೆ ದುಡ್ಡು ದಂಡಾನಾ? (ದಾವಣಗೆರೆಯ ಓದುಗರು)

ಖಂಡಿತ ದಂಡ ಅಲ್ಲ, ಆದ್ರೆ ಜುಲೈಲಿ ಕಬಿನಿಗೆ ಹೋಗಿ ಆನೆ ಹಿಂಡು ಕಾಣ್ಲಿಲ್ಲ ಅಂತ ಬೇಜಾರು ಮಾಡ್ಕೋಬಾರ್ದು ಅಷ್ಟೇ. ಆ "ಸೀಸನ್" ಹೇಗಾಯ್ತು ಅಂತ ಮೊದ್ಲು ತಿಳ್ಕೊಳ್ಳಿ. ಕಬಿನಿ ಅಣೆಕಟ್ಟು ಆಗಿದ್ದು 1974ರಲ್ಲಿ, ಅದರ ಹಿನ್ನೀರು ನಾಗರಹೊಳೆ ಮತ್ತೆ ಬಂಡೀಪುರದ ಮಧ್ಯೆ ನಿಲ್ಲುತ್ತೆ. ಮಳೆಗಾಲದಲ್ಲಿ ವಯನಾಡು ಕಡೆಯಿಂದ ನೀರು ಬಂದು ಜಲಾಶಯ ತುಂಬ್ಕೊಳ್ಳುತ್ತೆ, ದಂಡೆಯೆಲ್ಲಾ ಮುಳುಗುತ್ತೆ. ಆಮೇಲೆ ಬೆಳೆಗೆ ನೀರು ಬಿಡ್ತಾ ಬಿಡ್ತಾ ಬೇಸಿಗೆ ಹೊತ್ತಿಗೆ ಮಟ್ಟ ಇಳಿಯುತ್ತೆ, ನೀರು ಸರಿದ ಜಾಗದಲ್ಲಿ ಎಳೇ ಹುಲ್ಲು ಬರುತ್ತೆ, ಅದೇ ಟೈಮಲ್ಲಿ ಕಾಡಿನ ಒಳಗಿನ ಕೆರೆಕಟ್ಟೆ ಒಣಗಿರುತ್ತೆ, ಹಂಗಾಗಿ ಸುತ್ತಲಿನ ಕಾಡಿನ ಆನೆಗಳೆಲ್ಲಾ ಅಲ್ಲಿಗೇ ಬಂದು ಸೇರ್ತವೆ. ಬಯಲಲ್ಲಿ ನಿಂತಿರೋ ಆನೆ ಯಾರ ಕಣ್ಣಿಗಾದ್ರೂ ಬೀಳುತ್ತಲ್ವಾ. ಮಳೆ ಬಿದ್ಮೇಲೆ ಎಲ್ಲಾ ಕಡೆ ನೀರು ಮೇವು ಸಿಗುತ್ತೆ, ಹಿಂಡುಗಳು ಚದುರಿ ಹೋಗ್ತವೆ, ಲಂಟಾನಾ ಪೊದೆ ಬೇರೆ ಆಳೆತ್ತರ ಬೆಳೆದಿರುತ್ತೆ. ಪ್ರಾಣಿ ಎಲ್ಲೂ ಹೋಗಿರಲ್ಲ, ನಮಗೆ ಕಾಣಲ್ಲ ಅಷ್ಟೇ.

ಹಾಗಾಗಿ ಜುಲೈಲಿ ರಜೆ ಸಿಕ್ರೆ ಜೀಪು ಸಫಾರಿ ಆಸೆ ಬಿಟ್ಟು ಘಟ್ಟದ ಕಡೆ ಹೋಗಿ. ಆಗುಂಬೆ ಸುತ್ತಮುತ್ತ, ದಾಂಡೇಲಿ ಹತ್ರದ ಗಣೇಶಗುಡಿ ಕಡೆ, ಎಲ್ಲಾದ್ರೂ ಒಳ್ಳೇ ಗೈಡ್ ಇರೋ ಜಾಗ ನೋಡಿ. ಮಳೆಗಾಲ ಅಂದ್ರೆ ಕಪ್ಪೆಗಳ ಕಾಲ, ಇದನ್ನ ಯಾಕೆ ಜನ ಇನ್ನೂ ಕಂಡ್ಕೊಂಡಿಲ್ವೋ ನನಗಂತೂ ಗೊತ್ತಾಗ್ತಿಲ್ಲ. ಮಲಬಾರ್ ಗ್ಲೈಡಿಂಗ್ ಫ್ರಾಗ್ ಅಂತ ಹಸಿರು ಕಪ್ಪೆ ಇದೆ, ಮರದಿಂದ ಮರಕ್ಕೆ ಕಾಲ್ಬೆರಳ ಮಧ್ಯದ ಚರ್ಮ ಅಗಲಿಸಿ ತೇಲ್ಕೊಂಡು ಹಾರುತ್ತೆ, ನೀರಿನ ಮೇಲೆ ಬಾಗಿರೋ ಎಲೆಗೆ ಬಿಳೀ ನೊರೆ ಗೂಡು ಕಟ್ಟಿ ಮೊಟ್ಟೆ ಇಡುತ್ತೆ, ಮರಿ ಆದ್ಮೇಲೆ ಅವು ಟಪ್ ಟಪ್ ಅಂತ ಕೆಳಗಿನ ನೀರಿಗೆ ಬೀಳ್ತವೆ. ಲಾಡ್ಜ್ ಹಿಂದಿನ ಹೊಂಡದಲ್ಲೇ ಇದು ನಡೀತಿರುತ್ತೆ, ಟಾರ್ಚ್ ಹಿಡಿದು ಗೈಡ್ ಜೊತೆ ರಾತ್ರಿ ಒಂದು ಸುತ್ತು ಹಾಕಿದ್ರೆ ಸಾಕು. ಮಳೆ ಶುರುವಾದ ಮೇಲೆ ಡ್ವಾರ್ಫ್ ಕಿಂಗ್‌ಫಿಶರ್ ಅನ್ನೋ ಅಂಗೈಯೊಳಗೆ ಹಿಡಿಸೋ ಅಷ್ಟು ಚಿಕ್ಕ ಮಿಂಚುಳ್ಳಿ ಘಟ್ಟದ ತೊರೆಗಳ ಮಣ್ಣಿನ ದರೆಯಲ್ಲಿ ಬಿಲ ತೋಡಿ ಮರಿ ಮಾಡುತ್ತೆ. ಬೆಳಗಿನ ಜಾವ ಹಳ್ಳದ ಕಡೆಯಿಂದ ಯಾರೋ ಹುಡುಗ ಸಿಳ್ಳೆ ಹಾಕ್ತಿರೋ ಹಾಗೆ ಕೇಳಿಸಿದ್ರೆ ಅದು ವಿಸ್ಲಿಂಗ್ ಥ್ರಷ್ ಅನ್ನೋ ಹಕ್ಕಿ. ಮಕ್ಕಳಿದ್ರೆ ಜುಲೈನೇ ಚೆನ್ನ ಅಂತೀನಿ ನಾನು.

ದಸರಾ ಹೊತ್ತಿಗೆ ಕಾಡು ಹಸಿರಾಗಿರುತ್ತೆ, ವಲಸೆ ಹಕ್ಕಿಗಳು ಬರೋಕೆ ಶುರುವಾಗಿರುತ್ತೆ, ಕುಂಡೆಕುಸ್ಕ ಅಂತೂ ಅಷ್ಟೊತ್ತಿಗೆ ಲಾಡ್ಜ್ ಅಂಗಳಕ್ಕೇ ಬಂದು ಬಾಲ ಕುಣಿಸ್ತಿರುತ್ತೆ. ಇನ್ನು ಫೆಬ್ರವರಿ ದಾಟಿದ್ರೆ ದಾಂಡೇಲಿ ಕಡೆ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ಗೂಡು ಮಾಡೋ ಸಮಯ. ಅಲ್ಲಿ ನಾಲ್ಕು ಜಾತಿ ಮಂಗಟ್ಟೆ ಇವೆ. ಹೆಣ್ಣು ಮರದ ಪೊಟರೆ ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತೆ, ಬರೀ ಒಂದು ಸೀಳು ಬಿಟ್ಟಿರುತ್ತೆ, ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತೆ. ಗೂಡಿನ ಹತ್ರ ಹೋಗ್ಬೇಡಿ, ಗದ್ದಲಕ್ಕೆ ಹೆದರಿ ಗಂಡು ಬರೋದು ತಡ ಆದ್ರೆ ಒಳಗಿರೋರಿಗೆ ಉಪವಾಸ. ಭದ್ರಾ ಹಿನ್ನೀರಲ್ಲೂ ಬೇಸಿಗೇಲಿ ನೀರಿಳಿದಾಗ ನಡುಗಡ್ಡೆ ಮೇಲೆ ರಿವರ್ ಟರ್ನ್ ಅನ್ನೋ ನೀರುಹಕ್ಕಿಗಳು ಸಾಲಾಗಿ ಮೊಟ್ಟೆ ಇಡ್ತವೆ, ಲಕ್ಕವಳ್ಳಿಯಿಂದ ದೋಣೀಲಿ ಹೋಗಿ ದೂರದಿಂದ ನೋಡಬಹುದು.

ಪ್ರಶ್ನೆ: ಅಷ್ಟೊಂದು ದುಡ್ಡು ಕೊಟ್ಟು ಸಫಾರಿ ಹೋದ್ವಿ, ಒಂದು ಹುಲಿನೂ ಕಾಣ್ಲಿಲ್ಲ. ಹುಲಿ ಗ್ಯಾರಂಟಿ ಇರೋ ಲಾಡ್ಜ್ ಯಾವುದು ಹೇಳಿ. (ಬೆಂಗಳೂರಿನ ಓದುಗರು)

ಅಂಥದ್ದು ಇಲ್ಲ. ಯಾರಾದ್ರೂ ಗ್ಯಾರಂಟಿ ಅಂತ ಹೇಳಿದ್ರೆ ಅಲ್ಲಿಗೆ ಮಾತ್ರ ಹೋಗ್ಬೇಡಿ. ನಿಮ್ಮ ಬೇಜಾರು ಅರ್ಥ ಆಗುತ್ತೆ, ಆದ್ರೆ ಒಂದು ಕೆಲಸ ಮಾಡಿ, ಎರಡು ರಾತ್ರಿ ಎರಡು ಊರು ಅಂತ ಓಡಾಡೋ ಬದ್ಲು ಒಂದೇ ಕಡೆ ಮೂರ್ನಾಲ್ಕು ದಿನ ಇರಿ. ಮೊದಲ ದಿನ ಬರೀ ಮರ ಕಾಣುತ್ತೆ, ಆಮೇಲಾಮೇಲೆ ಕಿವಿ ತೆರ್ಕೊಳ್ಳುತ್ತೆ. ಮುಸುವ ಮರದ ತುದಿಯಿಂದ ಕೆಮ್ಮಿದ ಹಾಗೆ ಕೂಗ್ತಾ ಒಂದೇ ದಿಕ್ಕು ನೋಡ್ತಿದ್ರೆ, ಕೆಳಗೆ ಜಿಂಕೆ ಕಾಲು ಬಡೀತಾ ಕಿರುಚ್ತಿದ್ರೆ, ಅಲ್ಲೇ ಎಲ್ಲೋ ಹುಲಿನೋ ಚಿರತೆನೋ ಇದೆ ಅಂತ ಅರ್ಥ. ಆಗ ಡ್ರೈವರಿಗೆ ಎಂಜಿನ್ ಆಫ್ ಮಾಡಿ ಅಂತ ನೀವೇ ಹೇಳಿ, ಸುಮ್ನೆ ಕಾಯಿರಿ. ಇನ್ನೊಂದು ಗಾಡಿಯಿಂದ ಸುದ್ದಿ ಬಂತು ಅಂತ ಧೂಳೆಬ್ಬಿಸ್ಕೊಂಡು ಓಡೋದ್ರಲ್ಲಿ ಇರೋದೂ ಕೈ ತಪ್ಪುತ್ತೆ.

ಲಾಡ್ಜ್ ಆರಿಸುವಾಗ ರೂಮಿನ ಫೋಟೋ ಆಮೇಲೆ ನೋಡಿ. ನ್ಯಾಚುರಲಿಸ್ಟ್, ಅಂದ್ರೆ ಪ್ರಾಣಿ ಪಕ್ಷಿ ಗುರುತಿಸಿ ವಿವರಿಸೋರು, ಇದ್ದಾರಾ, ಅವರು ಆ ಊರಿನವರಾ, ಆವರಣದಲ್ಲಿ ಬೆಳಗ್ಗೆ ನಡೆದಾಡಿಸ್ತಾರಾ, ರಾತ್ರಿ ಲೈಟು ಮ್ಯೂಸಿಕ್ ಎಷ್ಟು ಗಂಟೆಗೆ ಬಂದ್ ಮಾಡ್ತಾರೆ, ಇಷ್ಟು ಫೋನ್ ಮಾಡಿ ಕೇಳಿ. ಸರ್ಕಾರಿ ಜಂಗಲ್ ಲಾಡ್ಜಸ್ 1980ರಿಂದ ಇದೆ, ಕಬಿನಿ, ಬಿಳಿಗಿರಿರಂಗನ ಬೆಟ್ಟದ ಕೆ.ಗುಡಿ, ಭದ್ರಾ ಎಲ್ಲಾ ಕಡೆ ಅವರದ್ದಿದೆ. ಬಿಳಿಗಿರಿ ಕಡೆ ಹೋದ್ರೆ ಅಲ್ಲಿನ ಕಾಡಿನ ಮೂಲನಿವಾಸಿಗಳಾದ ಸೋಲಿಗರು ಯಾರಾದ್ರೂ ಜೊತೆಗೆ ಸಿಕ್ರೆ ದಯವಿಟ್ಟು ಅವರ ಮಾತು ಕೇಳಿ, ಗಿಡ ಹುಳ ಹೆಜ್ಜೆಗುರುತು ಅವರು ಓದೋ ಥರ ಇನ್ಯಾರೂ ಓದಲ್ಲ. ಆಮೇಲೆ ಇನ್ನೊಂದು, ಲಾಡ್ಜ್ ಸುತ್ತ ಕರೆಂಟ್ ಬೇಲಿ ಹಾಕಿ ಆನೆ ದಾರಿ ಅಡ್ಡಗಟ್ಟಿದ್ದಾರಾ ಅಂತ ವಿಚಾರಿಸಿ. ಬಂಡೀಪುರದ ಪಕ್ಕದಲ್ಲೇ ತಮಿಳುನಾಡಿನ ಮಸಿನಗುಡಿ ಕಡೆ ಆನೆ ದಾರೀಲಿ ರೆಸಾರ್ಟ್ ಕಟ್ಟಿದ್ದ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2020ರಲ್ಲಿ ಆನೆಗಳ ಪರ ತೀರ್ಪಾಯ್ತು. ನಾವು ಎಲ್ಲಿ ದುಡ್ಡು ಕೊಡ್ತೀವಿ ಅನ್ನೋದೂ ಅದಕ್ಕೆ ಸೇರಿದ ವಿಷಯನೇ.

ಪ್ರಶ್ನೆ: ನಮ್ಮದು ಬಯಲುಸೀಮೆ. ಪ್ರಾಣಿ ನೋಡೋಕೆ ಮಲೆನಾಡಿಗೇ ಹೋಗ್ಬೇಕಾ? (ಗದಗದ ಓದುಗರು)

ನಿಮ್ಮ ಜಿಲ್ಲೇಲೇ ಮಾಗಡಿ ಕೆರೆ ಇದೆಯಲ್ರೀ! ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯೋದು ಅಲ್ಲೇ, 2024ರಲ್ಲಿ ಅದು ಮುಖ್ಯ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೂ ಸೇರ್ತು, ಹೊಸಪೇಟೆ ಕಡೆಯ ಅಂಕಸಮುದ್ರನೂ ಅದರ ಜೊತೆಗೇ ಸೇರಿದ್ದು. ಡಿಸೆಂಬರ್, ಜನವರಿ ಬೆಳಗ್ಗೆ ಹೋಗಿ. ಹಗಲು ಕೆರೇಲಿ ಇರ್ತವೆ, ಸಂಜೆ ಹೊಲದ ಕಡೆ ಮೇಯೋಕೆ ಹಾರ್ತವೆ.

ಹಂಪಿ ಹತ್ರ ದರೋಜಿ ಕರಡಿಧಾಮ 1994ರಲ್ಲಿ ಆಗಿದ್ದು, ಪಕ್ಕದ ಕಮಲಾಪುರದಲ್ಲಿ ಉಳ್ಕೋಬಹುದು. ಮಧ್ಯಾಹ್ನ ಮೇಲೆ ವೀಕ್ಷಣಾ ಗೋಪುರದಲ್ಲಿ ಕೂತ್ರೆ ಎದುರಿನ ಬಂಡೆ ಗುಡ್ಡದಿಂದ ಕರಡಿಗಳು ಇಳಿದು ಬರೋದು ಕಾಣುತ್ತೆ. ಬಂಡೆ ಮೇಲೆ ಬೆಲ್ಲದ ಪಾಕ ಸವರಿಟ್ಟಿರ್ತಾರೆ, ಅದಕ್ಕೆ ಅಷ್ಟು ಸಲೀಸಾಗಿ ಬರೋದು. ನನಗೆ ಆ ಪದ್ಧತಿ ಇಷ್ಟ ಇಲ್ಲ, ಕವಳೆ, ಬೋರೆ, ನೇರಳೆ, ಗೆದ್ದಲು ಅಂತ ತಾನೇ ಹುಡುಕಿ ತಿನ್ನೋ ಪ್ರಾಣಿಗೆ ಟೈಮಿಗೆ ಸರಿಯಾಗಿ ಸಿಹಿ ಬಡಿಸೋದು ಸರಿ ಕಾಣಲ್ಲ. ಆದ್ರೂ ಮರಿ ಬೆನ್ನ ಮೇಲೆ ಹೊತ್ಕೊಂಡು ಬರೋ ತಾಯಿ ಕರಡಿನ ಇಷ್ಟು ಚೆನ್ನಾಗಿ ಬೇರೆ ಕಡೆ ನೋಡೋದು ಕಷ್ಟ, ಹೋಗಿ ಬನ್ನಿ.

ಪ್ರಶ್ನೆ: ರೂಮ್ ಬುಕ್ ಮಾಡಿದ್ಮೇಲೆ ಸಫಾರಿ ಬಂದ್ ಆದ್ರೆ? (ಮೈಸೂರಿನ ಓದುಗರು)

ಆಗಬಹುದು. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ ನಾಗರಹೊಳೆ, ಬಂಡೀಪುರದಲ್ಲಿ ಸಫಾರಿ ನಿಲ್ಲಿಸಿದ್ರು. ರೀಫಂಡ್ ನಿಯಮ ಮೊದ್ಲೇ ಬರಹದಲ್ಲಿ ತಗೊಳ್ಳಿ. ಬಂಡೀಪುರದ ಮೇಲೆ ಹೋಗೋರು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಬಂದ್ ಇರುತ್ತೆ ಅನ್ನೋದನ್ನೂ ನೆನಪಿಟ್ಕೊಳ್ಳಿ.

ಪ್ರಶ್ನೆ: ಅಪ್ಪ ಅಮ್ಮನ್ನ ಜನವರಿಲಿ ಮಲೆನಾಡಿನ ಹೋಮ್‌ಸ್ಟೇಗೆ ಕರ್ಕೊಂಡು ಹೋಗ್ಬೇಕು ಅಂತಿದೀವಿ. ಇಂಬಳದ ಭಯ. (ತುಮಕೂರಿನ ಓದುಗರು)

ಜನವರಿಲಿ ಇಂಬಳ ತೀರಾ ಕಮ್ಮಿ, ಅದು ಮಳೆಗಾಲದ ಕಾಟ, ಕಚ್ಚಿದ್ರೂ ಒಂದಿಷ್ಟು ರಕ್ತ ಹೋಗುತ್ತೆ ಅಷ್ಟೇ. ನೀವು ಜೋಪಾನವಾಗಿರಬೇಕಾದ್ದು ಉಣುಗಿನ ಬಗ್ಗೆ. ಮಂಗನ ಕಾಯಿಲೆ ಹರಡೋದು ಅದರಿಂದಲೇ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾಗಿದ್ದು, ಜೋರಾಗೋದು ಡಿಸೆಂಬರ್‌ನಿಂದ ಮೇವರೆಗೆ. ಹೋಗೋ ಮುಂಚೆ ಆ ತಾಲೂಕಲ್ಲಿ ಕೇಸ್ ಇದೆಯಾ ಅಂತ ಹೋಮ್‌ಸ್ಟೇಯವರನ್ನೇ ಕೇಳಿ, ಇದ್ರೆ ಆ ವರ್ಷ ಬೇರೆ ಕಡೆ ಹೋಗಿ. ಇಲ್ಲದಿದ್ರೂ ತರಗೆಲೆ ಮೇಲೆ ಕೂರಬಾರ್ದು, ಮೈತುಂಬ ಬಟ್ಟೆ ಇರ್ಲಿ, ಬಂದ ತಕ್ಷಣ ಬಿಸಿನೀರು ಸ್ನಾನ ಮಾಡಿ ಬಟ್ಟೆನೂ ಬಿಸಿನೀರಲ್ಲೇ ಒಗೀರಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಬಂದ್ಮೇಲೆ ಜ್ವರ ಬಂದ್ರೆ ಮಲೆನಾಡಿಗೆ ಹೋಗಿದ್ವಿ ಅಂತ ಡಾಕ್ಟರಿಗೆ ಮರೀದೆ ಹೇಳಿ.

ಪ್ರಶ್ನೆ: ಮಗಳಿಗೆ ಬೈನಾಕ್ಯುಲರ್ ಕೊಡಿಸ್ಬೇಕು, ಯಾವುದು? (ಹಾಸನದ ಓದುಗರು)

ದೊಡ್ಡವರಿಗೆ 8x42, ಮಗುವಿನ ಕೈಗೆ ಭಾರ ಅನ್ನಿಸಿದ್ರೆ 8x32 (8 ಅಂದ್ರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತೆ, ಆಮೇಲಿನ ಅಂಕಿ ಮುಂದಿನ ಗಾಜಿನ ಅಗಲ, ಮಿಲಿಮೀಟರಲ್ಲಿ). ಹತ್ತು ಪಟ್ಟಿನದ್ದು ಬೇಡ, ಕೈ ನಡುಗಿದ್ರೆ ಹಕ್ಕೀನೂ ನಡುಗುತ್ತೆ. ಹೊರಡೋಕೆ ಮುಂಚೆ ಮನೆ ತಾರಸಿ ಮೇಲೆ ಕಾಗೆ, ಗಿಣಿ ಕಡೆ ಬೈನಾಕ್ಯುಲರ್ ಹಿಡಿದು ನೋಡೋದು ರೂಢಿ ಆಗ್ಲಿ.