ರಕ್ತ ಪರೀಕ್ಷೆಯಲ್ಲೇ ಮೂಳೆ ಕ್ಯಾನ್ಸರ್ ಗೊತ್ತಾಗುವುದಿಲ್ಲವೇ? ಬಯಾಪ್ಸಿ ಯಾಕೆ?

ನಿಮ್ಮ 16 ವರ್ಷದ ತಮ್ಮನಿಗೆ ಮಂಡಿ ನೋವು, ಎಕ್ಸ್‌ರೇ ನೋಡಿದ ಡಾಕ್ಟರು ಬಯಾಪ್ಸಿ (ಸೂಜಿ ಹಾಕಿ ಆ ಜಾಗದ ಚೂರು ತೆಗೆದು ಪರೀಕ್ಷಿಸುವುದು) ಬೇಕು ಅಂದಿದ್ದಾರೆ ಎಂದು ಬರೆದಿದ್ದೀರಿ. ನಾನು ಡಾಕ್ಟರಲ್ಲ. ನಮ್ಮಕ್ಕನ ಮಗನಿಗೆ ಆಸ್ಟಿಯೋಸಾರ್ಕೋಮಾ ಅನ್ನುವ ಮೂಳೆ ಕ್ಯಾನ್ಸರ್ ಆದಾಗ ಫೈಲು ಹಿಡಿದು ಜೊತೆಗೆ ಓಡಾಡಿದವನು, ಅಷ್ಟೇ.

ರಕ್ತದಲ್ಲಿ ಗೊತ್ತಾಗುವುದಿಲ್ಲ. ಎಎಲ್‌ಪಿ, ಎಲ್‌ಡಿಎಚ್ ಅಂತ ಎರಡು ಕಿಣ್ವಗಳ ಮಟ್ಟ ನೋಡುತ್ತಾರೆ. ಆದರೆ ಬೆಳೆಯುವ ಹುಡುಗರಿಗೆ ಎಎಲ್‌ಪಿ ಹೇಗೂ ಜಾಸ್ತಿಯೇ ಇರುತ್ತದೆ. ಗಡ್ಡೆ ಇದ್ದೂ ರಕ್ತ ನಾರ್ಮಲ್ ಬರಬಹುದು.

ನಮ್ಮ ಹುಡುಗ ಕಬಡ್ಡಿ ಆಡುತ್ತಿದ್ದ. ಬಿದ್ದ ಪೆಟ್ಟು ಅಂದುಕೊಂಡು ಎಣ್ಣೆ ತಿಕ್ಕುತ್ತಾ ಒಂದೂವರೆ ತಿಂಗಳು ಕಳೆದೆವು. ರಾತ್ರಿ ನೋವಿಗೆ ಎದ್ದು ಕೂರುತ್ತಿದ್ದ. ಆಟದ ನೋವಾದರೆ ಮಲಗಿದಾಗ ಇಳಿಯಬೇಕಲ್ವಾ? ನಮಗೆ ಹೊಳೆಯಲೇ ಇಲ್ಲ. ಕೊನೆಗೆ ಎಕ್ಸ್‌ರೇ ತೆಗೆಸಿದರೆ, ಮಂಡಿಯ ಮೇಲ್ಗಡೆ ತೊಡೆಮೂಳೆಯಿಂದ ಸೂರ್ಯನ ಕಿರಣದ ಹಾಗೆ ಗೆರೆಗಳು ಹೊರಟಿದ್ದವು. ಹದಿಹರೆಯದಲ್ಲಿ ಈ ಗಡ್ಡೆ ಹೆಚ್ಚಾಗಿ ಬರುವುದೇ ಮಂಡಿಯ ಆಸುಪಾಸಿನಲ್ಲಿ.

ಆದರೂ ಎಕ್ಸ್‌ರೇ ಕೊಡುವುದು ಅನುಮಾನ ಮಾತ್ರ. ಮೂಳೆಯ ಸೋಂಕು, ಟಿಬಿ ಕೂಡ ಕೆಲವೊಮ್ಮೆ ಹೀಗೇ ಕಾಣುತ್ತವೆ. ಉಲ್ಟಾನೂ ಆಗುತ್ತದೆ: ಯೂಯಿಂಗ್ ಸಾರ್ಕೋಮಾ ಅನ್ನುವ ಇನ್ನೊಂದು ಮೂಳೆ ಕ್ಯಾನ್ಸರ್‌ನಲ್ಲಿ ಜ್ವರ ಬಂದು, ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ ಏರಿ, ಸೋಂಕು ಅಂತಲೇ ಅನ್ನಿಸಿಬಿಡುತ್ತದೆ. ಹಾಗಾಗಿ ಬಯಾಪ್ಸಿ ಅಂದಾಕ್ಷಣ ಕ್ಯಾನ್ಸರ್ ಅಂತಲ್ಲ.

ಬಯಾಪ್ಸಿಗೆ ಮೊದಲು ಎಂಆರ್‌ಐ ಆಗಬೇಕು. ಅದೂ ಮಂಡಿಗೆ ಮಾತ್ರವಲ್ಲ, ಆ ಇಡೀ ಮೂಳೆಗೆ. ಅದೇ ಮೂಳೆಯ ಮೇಲ್ಗಡೆ ಇನ್ನೊಂದು ಚಿಕ್ಕ ಗಡ್ಡೆ ಕೂತಿರಬಹುದು. ಸೂಜಿ ಹಾಕಿದ ಮೇಲೆ ರಕ್ತ, ಊತ ಸೇರಿ ಚಿತ್ರ ಕಲಸಿಹೋಗುತ್ತದೆ.

ಇನ್ನು ಬಯಾಪ್ಸಿ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಣ ಉಳಿದಿರಬಹುದು ಅಂತ, ಮುಂದೆ ಆಪರೇಷನ್ ಮಾಡುವಾಗ ಆ ದಾರಿಯನ್ನೂ ಗಡ್ಡೆಯ ಜೊತೆಗೇ ಕೊಯ್ದು ತೆಗೆಯುತ್ತಾರೆ. ತಪ್ಪು ಜಾಗದಲ್ಲಿ ಚುಚ್ಚಿದರೆ ಉಳಿಯಬಹುದಾಗಿದ್ದ ಕಾಲೇ ಹೋಗಬಹುದು. ನಮ್ಮ ಹತ್ತಿರದ ಒಂದು ನರ್ಸಿಂಗ್ ಹೋಮ್‌ನಲ್ಲಿ "ಇಲ್ಲೇ ಕೊಯ್ದು ನೋಡಿಬಿಡೋಣ" ಅಂದಿದ್ದರು. ಪುಣ್ಯಕ್ಕೆ ಎಂಆರ್‌ಐ ನೋಡಿದ ಡಾಕ್ಟರು ತಡೆದು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಅಂದರು.

ರಿಪೋರ್ಟ್ ತಡವಾದರೆ ಗಾಬರಿಯಾಗಬೇಡಿ. ಮೂಳೆಯ ಚೂರು ಗಟ್ಟಿ. ಅದನ್ನು ಆಸಿಡ್‌ನಲ್ಲಿ ಮೆದು ಮಾಡಿ, ಆಮೇಲೆ ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗಡ್ಡೆಯ ಕಣಗಳು ತಾವೇ ಎಳೆ ಮೂಳೆ ಕಟ್ಟುತ್ತಿದ್ದರೆ ಅದು ಆಸ್ಟಿಯೋಸಾರ್ಕೋಮಾ. ಯೂಯಿಂಗ್ ಅನುಮಾನವಿದ್ದರೆ ಜೀನ್ ಪರೀಕ್ಷೆಯೂ ಬೇಕಾಗುತ್ತದೆ, ಅದಕ್ಕೆ ಇನ್ನಷ್ಟು ದಿನ. ಕ್ಯಾನ್ಸರ್ ಅಂತಾದರೆ ಎದೆಯ ಸಿಟಿ, ಬೋನ್ ಸ್ಕ್ಯಾನ್ ಅಥವಾ ಪೆಟ್ ಸ್ಕ್ಯಾನ್ ಮಾಡಿಸುತ್ತಾರೆ. ಹರಡಿದರೆ ಮೊದಲು ಹೋಗುವುದು ಹೆಚ್ಚಾಗಿ ಶ್ವಾಸಕೋಶಕ್ಕೆ.

ಸೂಜಿ ಹಾಕಿಸುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಸಾರ್, ಮುಂದೆ ಆಪರೇಷನ್ ಬೇಕಾದರೆ ನೀವೇ ಮಾಡ್ತೀರಾ?" ಇಲ್ಲ ಅಂದರೆ, ಮಾಡುವವರ ಹತ್ತಿರವೇ ಬಯಾಪ್ಸಿಗೂ ಹೋಗಿ. ಎಕ್ಸ್‌ರೇ ಫಿಲ್ಮು, ಎಂಆರ್‌ಐ ಸಿಡಿ ಎರಡನ್ನೂ ಒಯ್ಯಿರಿ, ಬರೀ ರಿಪೋರ್ಟ್ ಕಾಗದ ಸಾಲದು. ಅಲ್ಲಿಯವರೆಗೆ ಆ ಕಾಲಿಗೆ ಯಾರೂ ಎಣ್ಣೆ ತಿಕ್ಕುವುದು ಬೇಡ.